ಚಲೇಗಾ ಕಾಲಮ್ಮಿನ ನಲವತ್ತೊಂದನೇ ನಂಬರು

ನನಗೊಂದು ಕೆಟ್ಟ ಚಾಳಿಯಿದೆ. ಯಾವ ಕಂಪ್ಯೂಟರಿನ ಮುಂದೆ ಕೂತರೂ ಸರಿ, ತೆರೆದಿರುವ ಪುಟದ ಕೆಳಮೂಲೆಯನ್ನು ಹಿಡಿದು ಎಳೆದು, ಅದನ್ನು ಅಂಗೈಯಷ್ಟು ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಮೊನ್ನೆ ನನ್ನ ಹೆಂಡತಿ ಊರಿಗೆ ಹೋಗಲು ರೈಲಿನ ಟಿಕೆಟ್ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ನಾನು ನನಗರಿವಿಲ್ಲದೆ ಕೈ ಚಾಚಿ ಮೂಲೆಯನ್ನು ಎಳೆದುಬಿಟ್ಟೆ. "ಎರಡೇ ಸೀಟು ಉಳಿದಿವೆ, ಮೌಸ್ ಬಿಡ್ತೀರಾ?" ಎಂದಳು. ಬಿಟ್ಟೆ. ಆದರೆ ಅಷ್ಟರಲ್ಲೇ ನೋಡಬೇಕಾದ್ದನ್ನು ನೋಡಿಯಾಗಿತ್ತು. ಪುಟ ಚಿಕ್ಕದಾದಾಗ ಹಣ ಕಟ್ಟುವ ಬಟನ್ ಜಾಹೀರಾತಿನ ಕೆಳಗೆ ಅರ್ಧ ಸೇರಿಕೊಳ್ಳುತ್ತಿತ್ತು. ಅವಳಿಗೆ ಹೇಳಲಿಲ್ಲ, ಮನೆಯಲ್ಲಿ ಶಾಂತಿ ಇರಲೆಂದು.

ಈ ಚಾಳಿ ಹತ್ತಿದ್ದು ದಿಲ್ಲಿಯಲ್ಲಿ. ಮುನಿರ್ಕಾದಲ್ಲಿ ಒಂದು ಕೋಣೆಯಲ್ಲಿ ಮೂವರು ಮಲಗುತ್ತಿದ್ದ ಕಾಲ ಅದು. ಬೆಳಿಗ್ಗೆ ಚಾರ್ಟರ್ಡ್ ಬಸ್ ಹತ್ತಿ ನೋಯ್ಡಾಕ್ಕೆ ಹೋಗುತ್ತಿದ್ದೆ. ನಮ್ಮ ಕಂಪನಿ ಮೂರನೇ ಮಹಡಿಯಲ್ಲಿತ್ತು. ನೆಲಮಹಡಿಯಲ್ಲಿ ನಲ್ಲಿ, ಕಮೋಡು ಮಾರುವ ಅಂಗಡಿ. ವಾರಕ್ಕೊಬ್ಬರಾದರೂ ದಾರಿ ತಪ್ಪಿ ಮೇಲೆ ಬಂದು ನಮ್ಮನ್ನು ವಾಷ್ ಬೇಸಿನ್ ರೇಟು ಕೇಳುತ್ತಿದ್ದರು. ನಾವು ವೆಬ್‌ಸೈಟ್ ಮಾಡುತ್ತಿದ್ದೆವು. ನಾವು ಅಂದರೆ ಉಳಿದವರು ಮಾಡುತ್ತಿದ್ದರು. ನಾನು ಅದರಲ್ಲಿ ಏನು ಸರಿಯಿಲ್ಲ ಎಂದು ಹೇಳುತ್ತಿದ್ದೆ. ಟೆಸ್ಟರ್ ಎಂದು ನನ್ನ ಹುದ್ದೆಯ ಹೆಸರು.

ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಲು ಹೋಗಿ ಸೋತೆ. "ಬೇರೆಯವ್ರು ಮಾಡಿದ್ದನ್ನ ನೋಡಿ ಅಲ್ಲಿ ಸೊಟ್ಟ, ಇಲ್ಲಿ ಸೊಟ್ಟ ಅನ್ನೋದಾ?" ಎಂದು ಕೇಳಿದರು. ಹೌದು ಅಂದೆ. "ಅದಕ್ಕೆ ದಿಲ್ಲಿಗೆ ಯಾಕೆ ಹೋದೆ? ನಿಮ್ಮಜ್ಜಿ ಇಲ್ಲೇ ಕೂತು ನಲವತ್ತು ವರ್ಷ ಆ ಕೆಲಸ ಮಾಡಿದ್ರು" ಎಂದರು. ಅಜ್ಜಿಗೆ ಯಾರೂ ಸಂಬಳ ಕೊಡಲಿಲ್ಲ ಎಂಬುದೊಂದೇ ವ್ಯತ್ಯಾಸ.

ಕೆಲಸ ಇಷ್ಟೇ. ವೆಬ್‌ಸೈಟನ್ನು ನೋಡಲು ಬ್ರೌಸರ್ ಬೇಕಲ್ಲ, ಆಗ ಅವು ನಾಲ್ಕೈದು ಇದ್ದವು. ನಾವು ಅವನ್ನು ಗುರುತಿನ ಚಿತ್ರಗಳಿಂದಲೇ ಕರೆಯುತ್ತಿದ್ದೆವು: ನೀಲಿ ಇ, ನರಿ, ಕೆಂಪು ಸೊನ್ನೆ, ದಿಕ್ಸೂಚಿ. ಒಂದೇ ಪುಟವನ್ನು ಒಂದೊಂದೂ ತನಗೆ ತೋಚಿದಂತೆ ತೋರಿಸುತ್ತಿತ್ತು. ನರಿಯಲ್ಲಿ ನೆಟ್ಟಗಿದ್ದದ್ದು ನೀಲಿ ಇಯಲ್ಲಿ ಎಡಕ್ಕೆ ವಾಲುತ್ತಿತ್ತು. ಇದರ ಜೊತೆಗೆ ಯಂತ್ರಗಳ ಭೇದ ಬೇರೆ. ಗೋಡೆಯುದ್ದಕ್ಕೂ ಆರು ಕಂಪ್ಯೂಟರುಗಳನ್ನು ವಯಸ್ಸಿನ ಪ್ರಕಾರ ಸಾಲಾಗಿ ಇಟ್ಟಿದ್ದರು. ದಿಕ್ಸೂಚಿ ಇದ್ದ ಬಿಳಿ ಕಂಪ್ಯೂಟರ್ ಮಾತ್ರ ಮಾಲೀಕರ ಕೋಣೆಯಲ್ಲಿ, ಹೊದಿಕೆ ಹೊದ್ದು ಇರುತ್ತಿತ್ತು. ಸಮೋಸಾ ತಿಂದ ಕೈಯಲ್ಲಿ ಅದನ್ನು ಮುಟ್ಟುವಂತಿರಲಿಲ್ಲ. ನಾನು ಸೋಪು ಹಾಕಿ ಕೈ ತೊಳೆದು, ಮಡಿಯಲ್ಲಿ ಹೋಗಿ ಪರೀಕ್ಷೆ ಮಾಡಿ ಬರುತ್ತಿದ್ದೆ. ಸಾಲಿನ ಕೊನೆಯಲ್ಲಿ, ಕಿಟಕಿಯ ಮೂಲೆಯಲ್ಲಿ ಇದ್ದದ್ದು ಎಲ್ಲಕ್ಕಿಂತ ಹಳೆಯದು. ದಪ್ಪ ಬೆನ್ನು, ಪುಟ್ಟ ಪರದೆ. ಅದರ ಹೆಸರು ಡಬ್ಬಾ. ಈ ಡಬ್ಬಾವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಿಜ ಹೇಳಬೇಕೆಂದರೆ ಈ ವಿದ್ಯೆಯಲ್ಲಿ ನನಗೆ ಅಕ್ಷರಾಭ್ಯಾಸ ಆದದ್ದು ತುಮಕೂರಿನಲ್ಲಿ, ಆರನೇ ವಯಸ್ಸಿನಲ್ಲಿ. ನಮ್ಮ ಬೀದಿಯಲ್ಲಿ ಆಗ ಮೂರು ಟೀವಿಗಳಿದ್ದವು, ಮೂರೂ ಕಪ್ಪು ಬಿಳುಪು. ನಮ್ಮ ಮನೆಯಲ್ಲಿ ಇರಲಿಲ್ಲ, ಆದ್ದರಿಂದ ಮೂರು ಮನೆಯವೂ ನನ್ನವೇ. ಭಾನುವಾರ ಒಂದೇ ಕಾರ್ಯಕ್ರಮವನ್ನು ಮೂರು ಮನೆಗೂ ಓಡಿ ನೋಡುತ್ತಿದ್ದೆ. ಮೇಷ್ಟರ ಮನೆಯಲ್ಲಿ ಎಲ್ಲರಿಗೂ ಉದ್ದ ಮುಖ. ದಿನಸಿ ಅಂಗಡಿಯವರ ಮನೆಯಲ್ಲಿ ಎಲ್ಲರ ಮೇಲೂ ರವೆ ಉದುರಿದಂತೆ ಚುಕ್ಕಿ. ಮೂರನೆಯ ಮನೆ ಸರೋಜಕ್ಕನದು. ಅವರ ಅಪ್ಪ ಪರದೆಯ ಮೇಲೆ ಬಣ್ಣದ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿದ್ದರು. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ವಾರ್ತೆ ಓದುವ ಹೆಂಗಸಿನ ಹಣೆ ನೀಲಿಯಾಗಿ, ಗದ್ದ ಹಸಿರಾಗಿ ಕಾಣುತ್ತಿತ್ತು. ಕಲರ್ ಟೀವಿ ಎಂದರೆ ಇದೇ ಎಂದು ನಾನು ಬಹಳ ದಿನ ನಂಬಿದ್ದೆ.

ಸರೋಜಕ್ಕನಿಗೆ ಆಗ ಇಪ್ಪತ್ತು. ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ ಟೀಚರ್ ಆಗಬೇಕೆಂದು ಕಾಯುತ್ತಿದ್ದರು. ಕಾಯುವ ಹೊತ್ತಿನಲ್ಲಿ ಬೀದಿಯ ಮಕ್ಕಳನ್ನೆಲ್ಲ ಜಗಲಿಯ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದರು, ಲೆಕ್ಕ ಮಾಡಿಸುತ್ತಿದ್ದರು. ಕೈಯಲ್ಲೊಂದು ಮರದ ಸ್ಕೇಲು. ಆದರೆ ಅದಕ್ಕೊಂದು ಕಾನೂನಿತ್ತು. "ತಪ್ಪು ಮಾಡಿದ್ರೆ ಪರವಾಗಿಲ್ಲ. ನೋಡದೇ ಬರೆದ್ರೆ ಮಾತ್ರ ಪೆಟ್ಟು" ಎನ್ನುತ್ತಿದ್ದರು. ನಾನು ನೋಡದೇ ಬರೆಯುವವರಲ್ಲಿ ಮೊದಲಿಗ. ಲೆಕ್ಕ ಅರ್ಧ ಓದಿ ಉತ್ತರ ಬರೆದು ಟೀವಿ ಮುಂದೆ ಓಡುತ್ತಿದ್ದೆ. "ಕೈ ಚಾಚು ಮಂಜು" ಎನ್ನುವುದು ಆ ಜಗಲಿಯ ನಿತ್ಯದ ಮಾತಾಗಿತ್ತು. ಆಮೇಲೆ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಕೆಲಸದಲ್ಲಿರುವ ಗಂಡು ಸಿಕ್ಕಿತು, ಸರೋಜಕ್ಕ ಹೋದರು. ಬಿ.ಎಡ್. ಜಗಲಿಯಲ್ಲೇ ಉಳಿಯಿತು.

ಇಪ್ಪತ್ತೈದನೇ ವಯಸ್ಸಿಗೆ ನಾನು ದಿಲ್ಲಿಗೆ ಬಂದಿಳಿದಾಗ ಅಮ್ಮ ಕೊಟ್ಟ ಒಂದೇ ವಿಳಾಸ ಅವರದು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್, ಮೊದಲನೇ ಮಹಡಿ. ಭಾವ ಯಾವುದೋ ಸಚಿವಾಲಯದಲ್ಲಿ ಗುಮಾಸ್ತರು, ಮಗಳು ಪಲ್ಲವಿ ಒಂಬತ್ತನೇ ಕ್ಲಾಸು. ಪ್ರತಿ ಭಾನುವಾರ ಊಟಕ್ಕೆ ಬರಲೇಬೇಕೆಂದು ಅಕ್ಕ ಆಜ್ಞೆ ಮಾಡಿದರು. ಮುನಿರ್ಕಾದ ಢಾಬಾದ ರಾಜ್ಮಾ ತಿಂದು ಬೇಸತ್ತಿದ್ದ ನಾನು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಹುಳಿ, ಪಲ್ಯ, ಮಜ್ಜಿಗೆ ಮೆಣಸಿನಕಾಯಿ. ಪಲ್ಲವಿ ಎದುರಿಗೆ ಕೂತು, "ಮಾಮಾ, ನೀವು ವಾರ ಭರ್ ಏನೂ ತಿನ್ನಲ್ವಾ?" ಎಂದು ಕೇಳುತ್ತಿದ್ದಳು.

ಈಗ ಆಫೀಸಿಗೆ ಬರೋಣ. ನಮ್ಮಲ್ಲಿ ತಪ್ಪುಗಳನ್ನು ಬರೆಯಲು ಒಂದು ಪಟ್ಟಿ ಇತ್ತು. ಪ್ರತಿ ತಪ್ಪಿಗೂ ಒಂದು ನಂಬರು, ನಂಬರಿನ ಮುಂದೆ ಮೂರು ಕಾಲಂ. ಮೊದಲನೆಯದು ರೋಕೋ, ಅಂದರೆ ಇದು ಸರಿಯಾಗುವವರೆಗೆ ಸೈಟು ಹೊರಗೆ ಹೋಗಕೂಡದು. ಎರಡನೆಯದು ಠೀಕ್ ಕರೋ, ಸರಿಮಾಡು. ಮೂರನೆಯದು ಚಲೇಗಾ, ನಡೆಯುತ್ತೆ ಬಿಡು. ಇವನ್ನು ಕಂಡುಹಿಡಿದವರು ನಮ್ಮ ಟೀಮಿನ ಮುಖ್ಯಸ್ಥ ತ್ಯಾಗೀಜಿ. ಮೀರಟ್ ಕಡೆಯ ಒಳ್ಳೆಯ ಮನುಷ್ಯ, ಎದುರಿಗಿದ್ದವನ ತಟ್ಟೆಯಲ್ಲಿ ಪರಾಠಾ ಇಡದೆ ತಾನು ತಿನ್ನುತ್ತಿರಲಿಲ್ಲ. ಆದರೆ ಚಲೇಗಾ ಕಾಲಂ ಕಂಡರೆ ಅವರಿಗೆ ಅತಿ ಪ್ರೀತಿ. ಸಂಜೆ ಐದೂವರೆಗೆ ಚಾರ್ಟರ್ಡ್ ಬಸ್ ಹೊರಡುತ್ತಿದ್ದುದರಿಂದ, ಐದು ಗಂಟೆಯಾದ ಮೇಲೆ ಸಿಕ್ಕ ತಪ್ಪುಗಳೆಲ್ಲ ಹೆಚ್ಚಾಗಿ ಆ ಕಾಲಮ್ಮಿಗೇ ಸೇರುತ್ತಿದ್ದವು.

ಆ ಜನವರಿಯಲ್ಲಿ ಗ್ರೇಟರ್ ನೋಯ್ಡಾದ ಒಂದು ಕಾಲೇಜಿನ ಸೈಟು ಬಂತು. ಪ್ರವೇಶದ ಅರ್ಜಿಯನ್ನು ಸೈಟಿನಲ್ಲೇ ತುಂಬಿ ಕಳಿಸುವ ಏರ್ಪಾಡು. ಆಗ ಅದು ಹೊಸದು, ಕಾಲೇಜಿನವರಿಗೆ ಹೆಮ್ಮೆ. ಅರ್ಜಿ ಬೇರೆಯೇ ಒಂದು ಕಿಟಕಿಯಾಗಿ ತೆರೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಮೇಲೆ ಕೆಳಗೆ ಸರಿಸುವ ಪಟ್ಟಿ ಇರುತ್ತಲ್ಲ, ಅದು ಅಂದಗೆಡಿಸುತ್ತದೆ ಎಂದು ನಮ್ಮ ಡಿಸೈನರ್ ಅದನ್ನು ತೆಗೆದುಹಾಕಿದ್ದ. ಆರು ಯಂತ್ರಗಳಲ್ಲಿ ಎಲ್ಲ ಸರಿಯಾಗಿತ್ತು. ಏಳನೆಯದು ಡಬ್ಬಾ. ಅದರ ಪರದೆ ಚಿಕ್ಕದಾದ್ದರಿಂದ ಅರ್ಜಿಯ ಕೆಳತುದಿ ಪರದೆಯಿಂದಾಚೆ ಹೋಗಿತ್ತು. ಕೊನೆಯ ಎರಡು ಬಟನ್ ಕಾಣುತ್ತಿರಲಿಲ್ಲ, ಸರಿಸಿ ನೋಡೋಣವೆಂದರೆ ಪಟ್ಟಿಯೂ ಇಲ್ಲ. ನಲವತ್ತೊಂದನೇ ನಂಬರು ಎಂದು ಬರೆದೆ.

"ಅರೇ ಯಾರ್, ಐಸೇ ಡಬ್ಬೇ ಪೇ ಕೌನ್ ದೇಖ್ತಾ ಹೈ?" ಎಂದರು ತ್ಯಾಗೀಜಿ. ಇಂಥ ಡಬ್ಬಾದಲ್ಲಿ ಯಾರು ನೋಡ್ತಾರೆ?

ನಾನು ವಾದ ಮಾಡಬಹುದಿತ್ತು. ಅವರು ಹಟಮಾರಿಯಲ್ಲ, ಎರಡು ಸಲ ಹೇಳಿದ್ದರೆ ಒಪ್ಪುತ್ತಿದ್ದರು. ಆದರೆ ಆ ದಿನ ಮಂಜು ಕವಿದಿತ್ತು, ಕೈಬೆರಳು ಸೆಟೆದಿದ್ದವು, ಆಫೀಸಿನ ಒಂದೇ ಒಂದು ಹೀಟರಿನ ಶಾಖ ಡಬ್ಬಾದ ಮೂಲೆಯವರೆಗೆ ಬರುತ್ತಿರಲಿಲ್ಲ. ಇನ್ನೊಂದು ಸಲ ಅಲ್ಲಿ ಹೋಗಿ ಕೂರಲು ನನಗೆ ಮನಸ್ಸಿರಲಿಲ್ಲ. ಪೆನ್ನು ತೆಗೆದುಕೊಂಡು ಚಲೇಗಾ ಕಾಲಮ್ಮಿನಲ್ಲಿ ನಾನೇ ಟಿಕ್ ಹಾಕಿ, ಹೀಟರಿನ ಪಕ್ಕ ಹೋಗಿ ಕಡಲೆಕಾಯಿ ಬಿಡಿಸಿಕೊಂಡು ತಿಂದೆ.

ಜೂನ್ ಬಂತು. ಭಾನುವಾರದ ಊಟದ ನಡುವೆ ಸರೋಜಕ್ಕ ತಟ್ಟೆ ನೋಡುತ್ತಾ, "ಬಿ.ಎಡ್. ಮಾಡೋಣ ಅಂತಿದೀನಿ ಕಣೋ. ನಗಬೇಡ" ಎಂದರು. ನಾನು ನಗಲಿಲ್ಲ. ಅವರಿಗೆ ಮೂವತ್ತೊಂಬತ್ತು. ಅವರು ವಿಚಾರಿಸಿದ ಕಾಲೇಜಿನಲ್ಲಿ ನಲವತ್ತು ದಾಟಿದರೆ ತೆಗೆದುಕೊಳ್ಳುವುದಿಲ್ಲವಂತೆ. ಈ ವರ್ಷ ತಪ್ಪಿದರೆ ತಪ್ಪಿದಂತೆಯೇ. ಯಾವ ಕಾಲೇಜೆಂದು ನಾನು ಕೇಳಲಿಲ್ಲ, ಆ ಹೊತ್ತಿಗೆ ಎರಡನೇ ಸಲ ಹುಳಿ ಬಂದಿತ್ತು.

ಮುಂದಿನ ವಾರ ಶುಕ್ರವಾರ ಸಂಜೆ ನಾಲ್ಕೂಕಾಲಿಗೆ ನನ್ನ ಮೊಬೈಲು ಹೊಡೆದುಕೊಂಡಿತು. ಸರೋಜಕ್ಕನ ಮನೆಯ ನಂಬರು.

"ಬಿಡುವಾಗಿದೀಯೇನೋ ಮಂಜು? ಏನಿಲ್ಲ, ಸುಮ್ನೆ ಮಾಡ್ದೆ. ಆ ಬಿ.ಎಡ್. ಅರ್ಜಿ ಬೇಡ ಅಂತ ಬಿಟ್ಬಿಟ್ಟೆ ಕಣೋ. ನಿನಗೆ ಹೇಳಿದ್ನಲ್ಲ, ಅದಕ್ಕೆ."

"ಯಾಕಕ್ಕಾ?"

"ನನ್ನ ಕೈಲಾಗಲ್ಲ. ಮೂರು ದಿನದಿಂದ ತುಂಬಿಸ್ತಾ ಇದೀನಿ. ಎಲ್ಲಾ ತುಂಬಿಸಿದ ಮೇಲೆ ಕಳಿಸೋ ಬಟನ್ ಒತ್ತಬೇಕಂತೆ. ಕಾಲೇಜಿಗೆ ಫೋನ್ ಮಾಡಿದ್ರೆ, ಕೆಳಗಡೆನೇ ಇದೆ, ಎಲ್ಲಾರಿಗೂ ಕಾಣಿಸ್ತಿದೆ ಅಂತಾರೆ. ನನಗೊಬ್ಬಳಿಗೇ ಕಾಣ್ಸಲ್ಲ. ಇವತ್ತು ಐದು ಗಂಟೆಗೆ ಕೊನೆ. ಈ ವಯಸ್ಸಲ್ಲಿ ಇದೆಲ್ಲ ನಿನಗೆ ಬೇಕಿತ್ತಾ ಅಂತ ಆ ಕಂಪ್ಯೂಟರೇ ಹೇಳ್ತಾ ಇದೆ ಅನ್ಸುತ್ತೆ."

ಹೀಗೆಂದು ಅವರು ನಕ್ಕರು. ಆ ನಗು ನನಗೆ ಇಷ್ಟವಾಗಲಿಲ್ಲ. ಅಷ್ಟರಲ್ಲಿ ಪಲ್ಲವಿ ಫೋನು ಕಿತ್ತುಕೊಂಡಳು.

"ಮಾಮಾ, ಅಮ್ಮ ಬೆಳಿಗ್ಗೆ ಸೇ ಅಳ್ತಾ ಇದಾರೆ. ಬಟನ್ ಹೈ ಹೀ ನಹೀಂ, ನಾನೂ ನೋಡ್ದೆ."

ಯಾವ ಕಾಲೇಜೆಂದು ಕೇಳಿದೆ. ಹೇಳಿದಳು. ನಲವತ್ತೊಂದನೇ ನಂಬರಿನ ಕಾಲೇಜು. ಅವರ ಮನೆಯ ಕಂಪ್ಯೂಟರ್ ನನ್ನ ಕಣ್ಣ ಮುಂದೆ ಬಂತು. ಭಾವ ಯಾರಿಂದಲೋ ತಂದ ಹಳೆಯ ಯಂತ್ರ, ಕ್ರೋಶಾ ಹೊದಿಕೆ, ದಪ್ಪ ಬೆನ್ನು, ಪುಟ್ಟ ಪರದೆ. ಎಷ್ಟೋ ಭಾನುವಾರ ಅದರ ಪಕ್ಕದಲ್ಲೇ ಕೂತು ಊಟ ಮಾಡಿದ್ದೇನೆ. ಇಂಥ ಡಬ್ಬಾದಲ್ಲಿ ಯಾರು ನೋಡ್ತಾರೆ ಎಂಬುದಕ್ಕೆ ಉತ್ತರ ನನ್ನ ಅನ್ನದ ತಟ್ಟೆಯಿಂದ ಒಂದು ಮೊಳ ದೂರದಲ್ಲಿತ್ತು.

"ಪುಟ್ಟಾ, ಅರ್ಜಿ ಈಗ ತುಂಬಿದ ಹಾಗೇ ಇದೆಯಾ? ಮುಚ್ಚಬೇಡಿ. ಫೋನೂ ಇಡಬೇಡಿ" ಎಂದು ಡಬ್ಬಾದ ಕಡೆ ಓಡಿದೆ. ಸೈಬರ್ ಕೆಫೆಗೆ ಕಳಿಸಿದರೆ ಎಲ್ಲವನ್ನೂ ಮತ್ತೆ ತುಂಬಬೇಕು, ಒಂದೇ ಬೆರಳಿನಲ್ಲಿ ಕುಟ್ಟುವ ಅಕ್ಕನಿಗೆ ಅದು ಗಂಟೆಗಟ್ಟಲೆ ಕೆಲಸ. ಉಳಿದದ್ದು ಒಂದೇ ದಾರಿ. ಬಟನ್ ಕಾಣದಿದ್ದರೂ ಅಲ್ಲೇ ಇದೆ. ಕೀಲಿಮಣೆಯಲ್ಲಿ ಟ್ಯಾಬ್ ಎಂಬ ಕೀಲಿಯಿದೆಯಲ್ಲ, ಅದನ್ನು ಒತ್ತಿದಂತೆಲ್ಲ ಒಂದೊಂದೇ ಮನೆ ಮುಂದಕ್ಕೆ ಹೋಗಬಹುದು. ಸರಿಯಾದ ಮನೆಯಲ್ಲಿ ನಿಂತು ಎಂಟರ್ ಒತ್ತಿದರೆ ಅರ್ಜಿ ಹೋಗುತ್ತದೆ. ಕಣ್ಣು ಕಟ್ಟಿಕೊಂಡು ಕುಂಟೆಬಿಲ್ಲೆ ಆಡಿದ ಹಾಗೆ.

ಡಬ್ಬಾದಲ್ಲಿ ಅದೇ ಅರ್ಜಿ ತೆರೆದು, ಕಾಣದ ಬಟನ್‌ಗಳನ್ನು ಪಕ್ಕದ ಯಂತ್ರದಲ್ಲಿ ನೋಡಿಕೊಂಡು ಎಣಿಸಿದೆ. ಕೊನೆಯಲ್ಲಿ ತುಂಬುವುದು ಪಿನ್ ಕೋಡ್. ಅಲ್ಲಿಂದ ಒಂದು ಟ್ಯಾಬ್, ಒಪ್ಪಿಗೆಯ ಚೌಕ. ಎರಡು, ನಿಯಮಗಳ ಸಾಲು. ನಾಲ್ಕು, ಕಳಿಸುವ ಬಟನ್. ಮೂರನೆಯದು ಏನು ಗೊತ್ತೇ? ತುಂಬಿದ್ದನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕುವ ಬಟನ್. ಆ ಕಾಲದ ಅರ್ಜಿಗಳಲ್ಲೆಲ್ಲ ಅದೊಂದು ಇರುತ್ತಿತ್ತು. ಯಾರಿಗೆ ಅದು ಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಮೂರಕ್ಕೆ ನಿಂತರೆ ಮೂರು ದಿನದ ಕೆಲಸ ಹೋಯಿತು, ನಾಲ್ಕಕ್ಕೆ ನಿಂತರೆ ಬಿ.ಎಡ್. ನಾನು ಐದಾರು ಸಲ ಎಣಿಸಿದೆ. ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು. ಚಳಿಗಾಲದಲ್ಲಿ ಕೊರೆಯುವ ಆ ಮೂಲೆ ಬೇಸಿಗೆಯಲ್ಲಿ ಸುಡುತ್ತದೆಂದು ಆವತ್ತೇ ಗೊತ್ತಾದದ್ದು. "ಕ್ಯಾ ಹುವಾ ಭಾಯಿ, ಹಾರ್ಮೋನಿಯಂ ಬಜಾ ರಹಾ ಹೈ?" ಎಂದು ತ್ಯಾಗೀಜಿ ಕೇಳಿದರು. ಹಾರ್ಮೋನಿಯಂ ಬಾರಿಸ್ತಿದೀಯಾ ಅಂತ. ನಾನು ಎಣಿಸುತ್ತಲೇ ಇದ್ದೆ.

ಇನ್ನೊಂದು ತೊಡಕಿತ್ತು. ಅವರ ಮನೆಯಲ್ಲಿ ಇಂಟರ್ನೆಟ್ ಬರುತ್ತಿದ್ದದ್ದು ಅದೇ ಫೋನಿನ ತಂತಿಯಲ್ಲಿ. ಫೋನಿದ್ದರೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇದ್ದರೆ ಫೋನಿಲ್ಲ. ಭಾವನ ಮೊಬೈಲು ಭಾವನ ಜೊತೆ ಆಫೀಸಿನಲ್ಲಿ. ಅಂದರೆ ಒತ್ತುವ ಹೊತ್ತಿನಲ್ಲಿ ನಾನು ಅವರ ಕಿವಿಯಲ್ಲಿ ಇರುವಂತಿರಲಿಲ್ಲ.

"ಅಕ್ಕಾ, ಸರಿಯಾಗಿ ಕೇಳಿ. ಪಿನ್ ಕೋಡ್ ಮೇಲೆ ಕ್ಲಿಕ್ ಮಾಡಿ. ಆಮೇಲೆ ಟ್ಯಾಬ್. ಒಂದು, ಎರಡು, ಮೂರು, ನಾಲ್ಕು. ನಿಲ್ಲಿಸಿ ಎಂಟರ್. ಮೂರಕ್ಕೆ ಒತ್ತಿದ್ರೆ ಎಲ್ಲಾ ಅಳಿಸಿಹೋಗುತ್ತೆ."

"ಒಂದು, ಎರಡು, ಮೂರು, ನಾಲ್ಕು, ಎಂಟರ್."

"ಇನ್ನೊಂದ್ಸಲ ಹೇಳಿ."

ಹೇಳಿದರು. ನನಗೆ ಹದಿಮೂರರ ಮಗ್ಗಿ ಕಲಿಸಿದವರು ನನ್ನೆದುರು ನಾಲ್ಕರವರೆಗೆ ಎಣಿಸಿ ಒಪ್ಪಿಸುತ್ತಿದ್ದರು. ಪಕ್ಕದಿಂದ ಪಲ್ಲವಿಯ ದನಿ ಕೇಳಿತು: "ಅಮ್ಮಾ, ಮೈ ದಬಾ ದೂಂ?"

"ಬೇಡ. ನಾನೇ ಒತ್ತುತೀನಿ" ಎಂದರು ಅಕ್ಕ. ಫೋನು ಇಟ್ಟರು. ಗಂಟೆ ನಾಲ್ಕು ಮೂವತ್ತೈದು.

ಐದು ನಿಮಿಷ ಬಿಟ್ಟು ಅವರ ಮನೆಗೆ ಫೋನು ಮಾಡಿದೆ. ಎಂಗೇಜ್. ಸದ್ಯ, ಇಂಟರ್ನೆಟ್ ಸಿಕ್ಕಿದೆ ಎಂದುಕೊಂಡೆ. ಎಂಗೇಜ್ ಸದ್ದು ಕೇಳಿ ಖುಷಿಪಟ್ಟವನು ಇಡೀ ನೋಯ್ಡಾದಲ್ಲಿ ನಾನೊಬ್ಬನೇ ಇರಬೇಕು. ನಾಲ್ಕೂ ಮುಕ್ಕಾಲಿಗೆ ಮಾಡಿದೆ, ಎಂಗೇಜ್. ನಾಲ್ಕು ಐವತ್ತಕ್ಕೆ ಮಾಡಿದೆ, ಎಂಗೇಜ್. ಒಂದು ಕೀಲಿ ಒತ್ತಲು ಇಷ್ಟು ಹೊತ್ತು ಏಕೆ? ಮೂರಕ್ಕೇ ಒತ್ತಿಬಿಟ್ಟು, ಮತ್ತೆ ಮೊದಲಿನಿಂದ ತುಂಬುತ್ತಾ ಕೂತಿದ್ದಾರೆಯೇ? ಐದು ಗಂಟೆ ಆಯಿತು. ಮೂರು ನಿಮಿಷ ಕಳೆದ ಮೇಲೆ ಮೊಬೈಲು ಹೊಡೆದುಕೊಂಡಿತು.

"ಮಾಮಾ, ಹೋ ಗಯಾ" ಎಂದಳು ಪಲ್ಲವಿ. "ನಂಬರ್ ಬಂತು. ಅಮ್ಮ ಅದನ್ನ ಮೂರು ಕಡೆ ಬರ್ಕೊಂಡ್ರು."

"ಇಷ್ಟು ಲೇಟ್ ಯಾಕಾಯ್ತೇ?"

"ಪೆಹಲೇ ಟೇಬಲ್ ಮೇಲೆ ಪ್ರಾಕ್ಟೀಸ್ ಮಾಡಿದ್ರು. ಇಪ್ಪತ್ತು ಬಾರ್."

ಆ ಭಾನುವಾರ ಹೋಳಿಗೆ. ಭಾವ ಬಾಗಿಲಲ್ಲೇ ನಿಂತು, "ಬಾಪ್ಪಾ, ನೀನಿಲ್ದಿದ್ರೆ ಆಗ್ತಿರ್ಲಿಲ್ಲ" ಎಂದು ಒಳಗೆ ಕರೆದುಕೊಂಡು ಹೋದರು. ಕೂಲರಿನ ಗಾಳಿಗೆ ಎದುರಾಗಿ ನನ್ನನ್ನು ಕೂರಿಸಿದರು. ಮೊದಲನೇ ಹೋಳಿಗೆ ತಿಂದೆ. ಎರಡನೆಯದೂ ತಿಂದೆ, ನಾಚಿಕೆ ಎಂಬುದು ನನಗೆ ನಿಧಾನವಾಗಿ ಬರುತ್ತದೆ. ಮೂರನೆಯದಕ್ಕೆ ಅಕ್ಕ ತುಪ್ಪ ಹಾಕಲು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದೆ.

"ಅಕ್ಕಾ, ಆ ಬಟನ್ ಕಾಣಲ್ಲ ಅಂತ ನನಗೆ ಜನವರಿಯಲ್ಲೇ ಗೊತ್ತಿತ್ತು" ಎಂದೆ. ಎಲ್ಲವನ್ನೂ ಹೇಳಿದೆ. ನಲವತ್ತೊಂದನೇ ನಂಬರು, ಚಲೇಗಾ ಕಾಲಂ, ಹೀಟರು, ಕಡಲೆಕಾಯಿ.

ಭಾವ ಬಿದ್ದು ಬಿದ್ದು ನಕ್ಕರು. "ಸುಮ್ನೆ ನಮ್ಮ ಸರ್ಕಾರಿ ಆಫೀಸಿಗೆ ಕೆಟ್ಟ ಹೆಸರು" ಎಂದರು. ಅಕ್ಕ ನಗಲಿಲ್ಲ. ತುಪ್ಪದ ಮಿಳ್ಳೆ ಕೈಯಲ್ಲಿ ಹಿಡಿದು ನಿಂತೇ ಇದ್ದರು.

"ಹಾಗಾದ್ರೆ ನಾನು ದಡ್ಡಿ ಅಲ್ವಾ?" ಎಂದು ಕೇಳಿದರು.

"ಅಲ್ಲ ಅಕ್ಕಾ."

"ಮೂರು ದಿನ ಹಾಗೇ ಅಂದ್ಕೊಂಡಿದ್ನಲ್ಲೋ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಮಿಳ್ಳೆಯನ್ನು ಕೆಳಗಿಟ್ಟು ಅಡುಗೆಮನೆಗೆ ಹೋದರು, ಲಟ್ಟಣಿಗೆ ಹಿಡಿದು ಬಂದರು.

"ಕೈ ಚಾಚು."

ಚಾಚಿದೆ. ಬಿತ್ತು. ತಮಾಷೆಗೆ ಕೊಟ್ಟ ಪೆಟ್ಟಲ್ಲ, ಅಂಗೈ ಚುರ್ ಎಂದಿತು. ಪಲ್ಲವಿ ಬಾಯಿ ಬಿಟ್ಟು ನೋಡುತ್ತಿದ್ದಳು. ಅಕ್ಕ ಮಿಳ್ಳೆ ಎತ್ತಿಕೊಂಡು ನನ್ನ ಮೂರನೇ ಹೋಳಿಗೆಯ ಮೇಲೆ ತುಪ್ಪ ಹಾಕಿದರು. ಎಡಗೈಯಲ್ಲಿ ತಿನ್ನುವಂತಿರಲಿಲ್ಲ, ಉರಿಯುವ ಕೈಯಲ್ಲೇ ತಿಂದೆ.

ಸೋಮವಾರ ಆಫೀಸಿಗೆ ಹೋಗಿ ನಲವತ್ತೊಂದನೇ ನಂಬರನ್ನು ರೋಕೋ ಕಾಲಮ್ಮಿಗೆ ಬರೆದೆ. "ಫಿರ್ ವಹೀ? ಕೌನ್ ದೇಖ್ತಾ ಹೈ?" ಎಂದರು ತ್ಯಾಗೀಜಿ. "ಮೇರೀ ದೀದೀ" ಎಂದೆ. ಅವರು ನನ್ನ ಮುಖ ನೋಡಿ, ಮತ್ತೇನೂ ಕೇಳದೆ ಡಿಸೈನರನ್ನು ಕರೆದರು. ಸರಿಪಡಿಸಲು ಹಿಡಿದದ್ದು ಕಾಲು ಗಂಟೆ. ಆಮೇಲೆ ನಾನು ದಿಲ್ಲಿಯಲ್ಲಿದ್ದಷ್ಟು ದಿನವೂ, ಯಾವುದೇ ಸೈಟು ಹೊರಗೆ ಹೋಗುವ ಮೊದಲು ಕಿದ್ವಾಯಿ ನಗರಕ್ಕೆ ಹೋಗುತ್ತಿತ್ತು. ಭಾನುವಾರ ಊಟವಾದ ಮೇಲೆ ಅಕ್ಕ ಕ್ರೋಶಾ ಹೊದಿಕೆ ಸರಿಸಿ, ಕನ್ನಡಕ ಹಾಕಿಕೊಂಡು, ಒಂದೇ ಬೆರಳಿನಲ್ಲಿ ಕುಟ್ಟುತ್ತಾ ನನ್ನ ತಪ್ಪುಗಳನ್ನು ಹಿಡಿಯುತ್ತಿದ್ದರು. ನನ್ನ ಸಂಬಳದಲ್ಲಿ ಅವರಿಗೂ ಪಾಲಿರಬೇಕಿತ್ತು.

ಬಿ.ಎಡ್. ಆಯಿತು. ಕಿದ್ವಾಯಿ ನಗರದಿಂದ ಗ್ರೇಟರ್ ನೋಯ್ಡಾಕ್ಕೆ ದಿನವೂ ಎರಡು ಬಸ್ಸು ಬದಲಿಸಿ ಹೋಗಿಬಂದರು. ಈಗ ಅವರು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಮರದ ಸ್ಕೇಲು ಈಗ ನಡೆಯುವುದಿಲ್ಲವಂತೆ.

ಮೊನ್ನೆ ಟಿಕೆಟ್ಟಿನ ಜಗಳ ಮುಗಿದು ಸ್ವಲ್ಪ ಹೊತ್ತಾಗಿತ್ತು, ಅವರ ಫೋನು ಬಂತು. ಮಕ್ಕಳ ಅಂಕಗಳನ್ನು ಯಾವುದೋ ಸೈಟಿಗೆ ಹಾಕುತ್ತಿದ್ದರು, ಕಳಿಸುವ ಬಟನ್ ಕಾಣುತ್ತಿರಲಿಲ್ಲ. ನನ್ನ ಕೈಲಾಗಲ್ಲ ಎನ್ನುತ್ತಾರೇನೋ ಅಂದುಕೊಂಡೆ.

"ಮಂಜು, ಇದನ್ನ ಪಾಸ್ ಮಾಡಿದ ಪುಣ್ಯಾತ್ಮ ಯಾರೋ ನೋಡದೇ ಬರೆದಿದಾನೆ ಕಣೋ" ಎಂದರು. "ನಾನು ಟ್ಯಾಬ್ ಎಣಿಸಿ ಕಳಿಸಿಯಾಯ್ತು. ಅವನಿಗೆ ಒಂದು ಕಾಗದ ಬರೀಬೇಕು, ಇಂಗ್ಲಿಷಲ್ಲಿ ಸ್ವಲ್ಪ ಸರಿ ಮಾಡಿಕೊಡು."

ಆಗಲಿ ಅಕ್ಕಾ ಎಂದೆ. ಫೋನು ಇಟ್ಟ ಮೇಲೂ ಅಂಗೈ ಸ್ವಲ್ಪ ಹೊತ್ತು ಚುರುಚುರು ಎನ್ನುತ್ತಿತ್ತು.